ಪೇಪರ್ ಗ್ಲಾಸು: ನನ್ನ ಮಂಡೆಗೆ ಮಾತ್ರ ಕಾಣುವುದಾ?

ನಿದ್ದೆ ಬಾರದವ

ನಮ್ಮ ಊರಿನವರ ಈ ಆನ್‌ಲೈನ್ ಗುಂಪಿನಲ್ಲಿ ಹೆಚ್ಚಾಗಿ ಅಡಿಕೆ ಧಾರಣೆ, ಬಸ್ಸಿನ ಸಮಯ, ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದ ಜಗಳ, ಇಷ್ಟೇ ಮಾತು ಆಗುವುದು. ಇದನ್ನು ಬೇರೆ ಎಲ್ಲಿ ಕೇಳುವುದು ಅಂತ ಗೊತ್ತಾಗದೆ ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಉಂಟು.

ನಾನು ಬದಿಯಡ್ಕ ಕಡೆಯವ. ಮೊಗೇರ, ಪರಿಶಿಷ್ಟ ಜಾತಿ. ಕಾಸರಗೋಡು ಪೇಟೆಯಲ್ಲಿ ಒಂದು ಆಫೀಸಿನಲ್ಲಿ ಕೆಲಸ, ಆರು ವರ್ಷ ಆಯಿತು. ಕಳೆದ ತಿಂಗಳು ಪಕ್ಕದ ಮೇಜಿನವರ ಹೊಸ ಮನೆಯ ಒಕ್ಕಲು. ಆಫೀಸಿನಿಂದ ಎಂಟು ಜನ ಹೋಗಿದ್ದೆವು. ಜಗಲಿಯಲ್ಲಿ ಕುರ್ಚಿ ಹಾಕಿದ್ದರು. ಅವರ ಮಾವನೋ ಚಿಕ್ಕಪ್ಪನೋ, ವಯಸ್ಸಾದವರೊಬ್ಬರು ತಟ್ಟೆಯಲ್ಲಿ ಪಾನಕ ತಂದರು, ಸ್ಟೀಲಿನ ಲೋಟದಲ್ಲಿ. ಒಬ್ಬೊಬ್ಬರೂ ತೆಗೆದುಕೊಂಡರು. ನನ್ನ ಎದುರು ಬರುವಾಗ ತಟ್ಟೆ ಖಾಲಿ. "ಲೋಟ ಮುಗಿಯಿತು, ಒಂದು ನಿಮಿಷ" ಅಂತ ಒಳಗೆ ಹೋಗಿ ಪೇಪರ್ ಗ್ಲಾಸಿನಲ್ಲಿ ತಂದುಕೊಟ್ಟರು. ಕುಡಿದೆ. ಐದು ನಿಮಿಷ ಕಳೆದು ಇನ್ನಿಬ್ಬರು ಬಂದರು. ಅವರಿಗೆ ಸ್ಟೀಲ್ ಲೋಟವೇ ಬಂತು.

ತೊಳೆದು ತಂದಿರಬಹುದು. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಮನೆ ಯಜಮಾನರೇ ನನ್ನ ಎಲೆಗೆ ಬೇಡ ಬೇಡ ಎಂದರೂ ಇನ್ನೊಂದು ಹೋಳಿಗೆ ಹಾಕಿದರು. ಹಾಗಾದರೆ ಏನೂ ಇಲ್ಲ ಅಲ್ವಾ? ಆದರೆ ನಾನು ಲೋಟ ಎಣಿಸಿದ್ದೆ. ಎಣಿಸಿದ್ದಕ್ಕೇ ನನಗೆ ನಾಚಿಕೆ.

ಇವತ್ತಿಗೆ 23 ದಿನ. ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಅದೇ ತಟ್ಟೆ, ಅದೇ ಕೈ. ಎದೆ ಉರಿ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗುತ್ತಿದ್ದೇನೆ. ಅಪ್ಪನಿಗೆ ಹೇಳಿದರೆ ನಕ್ಕರು. "ನಮಗೆ ತೆಂಗಿನ ಗೆರಟೆಯಲ್ಲಿ ಚಾ ಹೊಯ್ಯುತ್ತಿದ್ದರು, ಅಂಗಳದಾಚೆ ಕೂತು ಕುಡಿಯುವುದು. ನಿನಗೆ ಗ್ಲಾಸು ಸಿಕ್ಕಿತಲ್ಲ ಮಾರಾಯ." ಅಪ್ಪ ಒಂಬತ್ತಕ್ಕೆ ಮಲಗಿದರೆ ಬೆಳಿಗ್ಗೆವರೆಗೆ ಗೊರಕೆ. ಗೆರಟೆ ಯಾಕೆ ಅಂತ ಅಪ್ಪನಿಗೆ ಗೊತ್ತಿತ್ತು. ಪೇಪರ್ ಗ್ಲಾಸು ಯಾಕೆ ಅಂತ ನನಗೆ ಗೊತ್ತಿಲ್ಲ.

ಇದು ನನಗೆ ಮಾತ್ರ ಆಗುವುದಾ?

ಅಡಿಕೆ ಸಿಪ್ಪೆ

ತಪ್ಪು ತಿಳಿಯಬೇಡಿ. ನಮ್ಮ ಮನೆ ಫಂಕ್ಷನ್ನಿಗೂ ಲೋಟ ಸಾಲದೆ ಪೇಪರ್ ಗ್ಲಾಸು ತರಿಸುತ್ತೇವೆ. ನೀವು ಜಾಸ್ತಿ ಆಲೋಚನೆ ಮಾಡಿ ಮಂಡೆ ಬಿಸಿ ಮಾಡಿಕೊಳ್ಳುತ್ತಿದ್ದೀರಿ. ಈ ಕಾಲದಲ್ಲಿ ಯಾರು ಮಾರಾಯ್ರೆ ಅದೆಲ್ಲ ನೋಡುವುದು.

ಕುಂಬಳೆ ಪಡ್ಡಾಯಿ

ಅಡಿಕೆ ಸಿಪ್ಪೆಯವರು ಹೇಳಿದ್ದಕ್ಕೆ ನಂದೂ ಒಂದು. ಇದು ಕೇರಳ ಸ್ವಾಮಿ. ಭೂಸುಧಾರಣೆ ಆದ ರಾಜ್ಯ, ಎಲ್ಲರೂ ಓದಿದ ರಾಜ್ಯ. ಉತ್ತರ ಪ್ರದೇಶದ ಸುದ್ದಿ ಓದಿ ಓದಿ ನಮಗೆ ಎಲ್ಲದರಲ್ಲೂ ಜಾತಿ ಕಾಣಲಿಕ್ಕೆ ಶುರುವಾಗಿದೆ.

ಹಳೇ ಮಾಷ್ಟ್ರು

ಪಡ್ಡಾಯಿಯವರೇ, ಭೂಸುಧಾರಣೆಯ ಮಾತು ತೆಗೆದಿರಲ್ಲ, ಅಲ್ಲಿಂದಲೇ ಶುರು ಮಾಡುವ. 1970ರ ಜನವರಿ 1ಕ್ಕೆ ಜಾರಿಗೆ ಬಂದ ತಿದ್ದುಪಡಿಯಲ್ಲಿ ಗೇಣಿ ಕೊಡುತ್ತಿದ್ದ ಒಕ್ಕಲುಗಳಿಗೆ ಭೂಮಿ ಆಯಿತು. ಒಳ್ಳೆಯದೇ. ಆದರೆ ಗೇಣಿಗೆ ಭೂಮಿ ಇದ್ದದ್ದು ಯಾರಿಗೆ? ಗದ್ದೆಯಲ್ಲಿ ಕೂಲಿಗೆ ಇಳಿಯುತ್ತಿದ್ದವರು ಗೇಣಿದಾರರ ಲೆಕ್ಕಕ್ಕೇ ಬರಲಿಲ್ಲ. ಧಣಿಯ ಜಾಗೆಯಲ್ಲಿ ಗುಡಿಸಲು ಕಟ್ಟಿ ಕೂತವರಿಗೆ ಸಿಕ್ಕಿದ್ದು ಕುಡಿಕಿಡಪ್ಪು, ಅಂದರೆ ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸ್. ಹತ್ತು ಸೆಂಟ್ಸಿನಲ್ಲಿ ಮಕ್ಕಳು, ಮೊಮ್ಮಕ್ಕಳು, ಒಂದು ತೆಂಗು, ಹೆಣ ಹೂಳುವುದೂ ಅಲ್ಲೇ. ಉಳಿದವರಿಗೆ ಸರಕಾರ ಗುಡ್ಡೆಯ ಮೇಲೆ ಕಾಲನಿ ಮಾಡಿಕೊಟ್ಟಿತು. ಹಾಗಾಗಿ ನಮ್ಮಲ್ಲಿ ಜಾತಿಗೆ ಈಗಲೂ ವಿಳಾಸ ಉಂಟು. ಬಸ್ ಸ್ಟಾಪಿನ ಹೆಸರು ಹೇಳಿದರೆ ಸಾಕು, ಎದುರಿನವರಿಗೆ ಅರ್ಥ ಆಗುತ್ತದೆ.

ನಾನು 31 ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡಿದವ. ಪ್ರತಿ ವರ್ಷ ಪರಿಶಿಷ್ಟ ಜಾತಿಯ ಮಕ್ಕಳಿಗೆ ಲಂಪ್ಸಂ ಗ್ರಾಂಟ್, ಅಂದರೆ ಸರಕಾರದ ಸಹಾಯಧನ, ಬರುತ್ತದೆ. ನಾನು ಎಂತ ಮಾಡುತ್ತಿದ್ದೆ ಗೊತ್ತುಂಟಾ? ಹಾಜರಿ ಮುಗಿಸಿ, "ಲಂಪ್ಸಂ ಗ್ರಾಂಟಿನವರು ಎದ್ದು ನಿಲ್ಲಿ" ಅನ್ನುತ್ತಿದ್ದೆ. ಐದಾರು ಮಕ್ಕಳು ನಿಲ್ಲುತ್ತಿದ್ದವು. ಕೆಟ್ಟ ಮನಸ್ಸಿನಿಂದ ಅಲ್ಲ, ಫಾರಂ ಬೇಗ ಆಗಲಿ ಅಂತ. ಒಬ್ಬ ಹುಡುಗ, ಲೆಕ್ಕದಲ್ಲಿ ಭಾರೀ ಚುರುಕು, ಏಳನೇ ಕ್ಲಾಸಿನಲ್ಲಿ ಎದ್ದು ನಿಲ್ಲಲಿಲ್ಲ. "ನಿಂದು ಉಂಟಲ್ಲ, ನಿಲ್ಲು" ಅಂದೆ. ನಿಂತ. ಆಮೇಲೆ ಆ ವರ್ಷವಿಡೀ ಬೋರ್ಡಿನ ಹತ್ತಿರ ಕರೆದರೆ ಬರುತ್ತಿರಲಿಲ್ಲ. ನಾನು ಉದಾಸೀನ ಅಂತ ಬರೆದಿದ್ದೇನೆ ಪ್ರಗತಿ ಪತ್ರದಲ್ಲಿ, ನನ್ನದೇ ಕೈಬರಹದಲ್ಲಿ.

ನಿದ್ದೆ ಬಾರದವ

ಮಾಷ್ಟ್ರೇ, ನಮ್ಮ ಕ್ಲಾಸಿನಲ್ಲೂ ಹಾಗೆಯೇ. ನಾನು ನಿಲ್ಲುವಾಗ ಚಡ್ಡಿ ಸರಿ ಮಾಡುವ ಹಾಗೆ ನಟನೆ ಮಾಡುತ್ತಿದ್ದೆ. ದುಡ್ಡು ಬೇಕಿತ್ತು, ಅಮ್ಮ ಅದರಲ್ಲಿ ಕೊಡೆ ತೆಗೆಯುವುದು. ಈಗ ಆಫೀಸಿನಲ್ಲಿ ಮೀಟಿಂಗಿನಲ್ಲಿ ಹೆಸರು ಕರೆದರೆ ಮೊದಲು ಕೈ ಬೆಲ್ಟಿಗೆ ಹೋಗುತ್ತದೆ. ಇದು ನನಗೆ ಗೊತ್ತಾದದ್ದು ಈಗ ಬರೆಯುವಾಗ.

ಮಕ್ಕಳ ಜೊತೆ ಕೆಲಸ

ನಾನು ಶಾಲೆಗಳಲ್ಲಿ ಕೌನ್ಸೆಲರ್. ಮೂರು ವಿಷಯ ಹೇಳುತ್ತೇನೆ, ಪಾಠದ ಹಾಗೆ ಆದರೆ ಬೈಯಿರಿ.

ಮಾಷ್ಟ್ರು ಹೇಳಿದ ಏಳನೇ ಕ್ಲಾಸಿನ ಹುಡುಗನಂಥವರ ಮೇಲೆ ಪ್ರಯೋಗವೇ ಆಗಿದೆ. ಪಡ್ಡಾಯಿಯವರು ಹೇಳಿದ ಅದೇ ಉತ್ತರ ಪ್ರದೇಶದಲ್ಲಿ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹಳ್ಳಿಯ ಆರು, ಏಳನೇ ಕ್ಲಾಸಿನ ಹುಡುಗರನ್ನು ಕೂರಿಸಿ ದಾರಿ ಹುಡುಕುವ ಒಗಟು ಬಿಡಿಸಲಿಕ್ಕೆ ಕೊಟ್ಟರು, ಬಿಡಿಸಿದ ಲೆಕ್ಕಕ್ಕೆ ದುಡ್ಡು. ಜಾತಿ ಹೇಳದೆ ಇದ್ದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಹತ್ತಿರ ಹತ್ತಿರ ಸಮ. ಆಟಕ್ಕೆ ಮೊದಲು ಹುಡುಗನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಎಲ್ಲರ ಎದುರು ಗಟ್ಟಿಯಾಗಿ ಓದಿದಾಗ ದಲಿತ ಹುಡುಗರು ಬಿಡಿಸಿದ ಒಗಟು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆಯಿತು. ಯಾರೂ ಬೈದಿಲ್ಲ, ಹೊಡೆದಿಲ್ಲ. ಓದಿದ್ದು ಮಾತ್ರ. 2004ರಲ್ಲಿ ವಿಶ್ವಬ್ಯಾಂಕಿನಿಂದ ಅದು ಪ್ರಕಟವಾಯಿತು.

ಎರಡನೆಯದು ಎದೆ ಉರಿ. 2003ರಲ್ಲಿ ಅಮೆರಿಕದಲ್ಲಿ ನೇಯೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಕಂಪ್ಯೂಟರಿನಲ್ಲಿ ಚೆಂಡಾಟ ಆಡಿಸಿದರು. ಮೂರು ಜನರ ಆಟ. ಸ್ವಲ್ಪ ಹೊತ್ತು ಕಳೆದು ಉಳಿದಿಬ್ಬರು ಇವನಿಗೆ ಚೆಂಡು ಎಸೆಯುವುದನ್ನೇ ಬಿಡುತ್ತಾರೆ. ಆಗ ಮಿದುಳಿನಲ್ಲಿ ಮೈಗೆ ನೋವಾದಾಗ ಚುರುಕಾಗುವ ಒಂದು ಭಾಗ ಚುರುಕಾಯಿತು. ಮುಂದೆ ಅದೇ ಆಟವನ್ನು ಬೇರೆಯವರು ಮಾಡಿ ನೋಡಿದಾಗ, ಆಚೆ ಇರುವುದು ಮನುಷ್ಯರಲ್ಲ, ಬರೇ ಕಂಪ್ಯೂಟರ್ ಅಂತ ಮೊದಲೇ ಹೇಳಿದರೂ ಬೇಜಾರು ಆಗಿದೆ. ನಮಗೆ ಕಂಡರಾಗದವರು ಹೊರಗಿಟ್ಟರೂ ಆಗಿದೆ. ಅಂದಮೇಲೆ ಆರು ವರ್ಷ ಪಕ್ಕದಲ್ಲಿ ಕೂತು ಬುತ್ತಿ ಹಂಚಿಕೊಂಡವರ ಜಗಲಿಯಲ್ಲಿ?

ಮೂರನೆಯದೇ ನಿಮ್ಮ ನಿದ್ದೆ, ಅದಕ್ಕೆ ಒಮ್ಮೆ ಡಾಕ್ಟರನ್ನು ಕಾಣುವುದು ಒಳ್ಳೆಯದು. ಅಪ್ಪನಿಗೆ ಗೊತ್ತಿತ್ತು, ನನಗೆ ಗೊತ್ತಿಲ್ಲ ಅಂದಿರಲ್ಲ, ನಿಮ್ಮ ಇಡೀ ಪೋಸ್ಟಿನಲ್ಲಿ ನನಗೆ ನಾಟಿದ ಸಾಲು ಅದು. ಎದುರಿನವ ಹೀಗೆ ಮಾಡಿದ್ದು ನನ್ನ ಜಾತಿಗೋ, ನನ್ನ ಗುಣಕ್ಕೋ, ನಿಜವಾಗಿ ಲೋಟ ಇಲ್ಲದೆಯೋ ಅಂತ ತೀರ್ಮಾನ ಆಗದೆ ಮನಸ್ಸು ತೂಗಾಡುವುದನ್ನು ಮನಃಶಾಸ್ತ್ರದವರು 1990ರ ಆಸುಪಾಸಿನಿಂದಲೇ ಬೇರೆಯಾಗಿ ಅಭ್ಯಾಸ ಮಾಡಿದ್ದಾರೆ. ಮುಖದ ಮೇಲೆ ಬೈದರೆ ಬೈದವನ ಮೇಲೆ ಸಿಟ್ಟು ಮಾಡಬಹುದು. ಇದರಲ್ಲಿ ಸಿಟ್ಟು ಮಾಡಲಿಕ್ಕೆ ಆಳು ಸಿಗುವುದಿಲ್ಲ, ಹಾಗಾಗಿ ಅದು ತಿರುಗಿ ತನ್ನ ಮೇಲೇ ಬರುತ್ತದೆ. ಹೊಗಳಿದರೂ ಅಷ್ಟೇ. ಎರಡನೇ ಹೋಳಿಗೆ ಪ್ರೀತಿಗೋ, ಲೋಟದ ಪ್ರಾಯಶ್ಚಿತ್ತಕ್ಕೋ ಅಂತ ನೀವು ಖಂಡಿತ ಆಲೋಚನೆ ಮಾಡಿದ್ದೀರಿ.

ನಿದ್ದೆ ಬಾರದವ

ಮಾಡಿದ್ದೇನೆ.

ಅಡಿಕೆ ಸಿಪ್ಪೆ

ಸರಿ, ಆದರೆ ಮೇಡಂ, ಹೀಗೆ ಎಲ್ಲದಕ್ಕೂ ಮಿದುಳು ಸ್ಕ್ಯಾನ್ ಅಂತ ಹೇಳಿದರೆ ಜನ ಇನ್ನು ಮನೆಗೆ ಕರೆಯಲಿಕ್ಕೇ ಹೆದರುತ್ತಾರೆ.

ಬುಟ್ಟಿ ಹೆಣೆಯದವಳು

ಕರೆಯದಿದ್ದರೆ ಬೇಡ ಅಣ್ಣ. ನಮ್ಮನ್ನು ಮೊದಲೂ ಕರೆದದ್ದು ಡೋಲು ಬಾರಿಸಲಿಕ್ಕೆ, ಎಂಜಲು ಎಲೆ ತೆಗೆಯಲಿಕ್ಕೆ.

ನಾನು ಕೊರಗರವಳು, ಬುಟ್ಟಿ ಹೆಣೆಯುವ ಬುಡಕಟ್ಟು, ಮಂಜೇಶ್ವರ ತಾಲೂಕು. ಡಿಗ್ರಿ ಎರಡನೇ ವರ್ಷ. ಹೆಸರು ನೋಡಿ ಆಶ್ಚರ್ಯ ಬೇಡ. ಕಾಲೇಜಿನಲ್ಲಿ ಎಲ್ಲರೂ ಮೊದಲು ಕೇಳುವುದು "ನಿಂಗೆ ಬುಟ್ಟಿ ಹೆಣೆಯಲಿಕ್ಕೆ ಬರ್ತದಾ?" ಅಂತ, ಪ್ರೀತಿಯಿಂದಲೇ. ನನಗೆ ಬರುವುದಿಲ್ಲ. ಅಜ್ಜಿಗೆ ಬರುತ್ತದೆ. ಒಂದು ದಿನ ಮೇಡಂ ಒಬ್ಬರು ಯಾವುದೋ ದಿನಾಚರಣೆಗೆ ಅಜ್ಜಿಯನ್ನು ಕರೆಸಿ ಸ್ಟೇಜಿನಲ್ಲಿ ಬುಟ್ಟಿ ಹೆಣೆಸಿದರು, ಶಾಲು ಹಾಕಿದರು. ಅಜ್ಜಿಗೆ ಖುಷಿಯೋ ಖುಷಿ. ನಾನು ಟಾಯ್ಲೆಟಿನಲ್ಲಿ ಬಾಗಿಲು ಹಾಕಿ ಕೂತಿದ್ದೆ. ಇದು ಅವಮಾನವಾ ಸನ್ಮಾನವಾ ಅಂತ ನನಗೂ ಇವತ್ತಿನವರೆಗೆ ಗೊತ್ತಾಗಲಿಲ್ಲ. ಕೌನ್ಸೆಲರ್ ಮೇಡಂ ಹೇಳಿದ್ದು ಇದೇ ಇರಬೇಕು.

ಅಜಲು ಅಂತ ಕೇಳಿದ್ದೀರಾ? ಉಗುರು, ಕೂದಲು ಸೇರಿಸಿದ ಅನ್ನವನ್ನು ನಮ್ಮವರಿಗೆ ಉಣ್ಣಿಸಿ ತಮ್ಮ ರೋಗ, ಪೀಡೆ ದಾಟಿಸುವುದು. ಕರ್ನಾಟಕದಲ್ಲಿ ಅದನ್ನು ನಿಷೇಧಿಸಿ ಕಾನೂನು ಬಂದದ್ದು 2000ದಲ್ಲಿ. ಅಂದರೆ ಅಜ್ಜಿಯ ಕಾಲದ ಕಥೆ ಅಲ್ಲ, ನನಗಿಂತ ಐದಾರು ವರ್ಷ ದೊಡ್ಡದು ಅಷ್ಟೇ. ಬೇರೆಯವರ ಪೀಡೆ ಹೊರಲಿಕ್ಕೇ ಇರುವವರು ಅಂತ ಒಂದು ಸಮುದಾಯಕ್ಕೆ ತಲೆತಲಾಂತರ ಹೇಳಿದರೆ ಅವರು ಮದ್ದಿನ ಡಾಕ್ಟರ ಹತ್ತಿರ "ನನಗೆ ಬೇಜಾರು ಉಂಟು" ಅಂತ ಹೇಗೆ ಹೇಳುವುದು? ನಮ್ಮ ಕಾಲನಿಯಲ್ಲಿ ಬೇಜಾರು ಅನ್ನುವ ಮಾತೇ ಇಲ್ಲ. ಕುಡಿಯುವುದು ಉಂಟು. ಮಾತಾಡದೆ ಮೂಲೆಯಲ್ಲಿ ಕೂರುವುದು ಉಂಟು. ಅದಕ್ಕೆ ಹೊರಗಿನವರು "ಕೊರಗರು ನಾಚಿಕೆ ಸ್ವಭಾವದವರು" ಅಂತ ಬರೆಯುತ್ತಾರೆ.

ನೇಮದ ಮರುದಿನ

ತಂಗೀ, ಕೊನೇ ಸಾಲಿಗೆ ನಮಸ್ಕಾರ.

ನಮ್ಮದು ದೈವ ಕಟ್ಟುವ ಮನೆ, ಅಂದರೆ ನೇಮದ ಪೂಜೆಯಲ್ಲಿ ದೈವದ ವೇಷ ಹಾಕಿ ಕುಣಿಯುವವರು. ನೇಮದ ರಾತ್ರಿ ಅಪ್ಪನ ಎದುರು ನೇಮ ಮಾಡಿಸುವ ಇಡೀ ತರವಾಡು ಮನೆತನ ಕೈಮುಗಿದು ನಿಲ್ಲುತ್ತದೆ. ಅಪ್ಪ ಅಭಯ ಕೊಟ್ಟರೆ ಅಳುವವರಿದ್ದಾರೆ. ಬೆಳಿಗ್ಗೆ ಬಣ್ಣ ತೊಳೆದು ಅಕ್ಕಿ, ತೆಂಗಿನಕಾಯಿ ತೆಗೆದುಕೊಳ್ಳಲಿಕ್ಕೆ ಅದೇ ಅಂಗಳದ ತುದಿಯಲ್ಲಿ ಕಾಯಬೇಕು. ಚಿಕ್ಕಂದಿನಲ್ಲಿ ನನಗೆ ಇದು ತಮಾಷೆ ಅನಿಸುತ್ತಿತ್ತು. ಹದಿನಾರಕ್ಕೆ ಬಂದಾಗ ಕಟ್ಟುವುದಿಲ್ಲ ಅಂತ ಹಟ ಹಿಡಿದೆ. ಅಪ್ಪ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಅಪ್ಪನಿಗೆ ಆ ಒಂದು ರಾತ್ರಿ ಬೇಕು ಅಂತ ನನಗೆ ತಡವಾಗಿ ಗೊತ್ತಾಯಿತು. ಪೊಟ್ಟನ್ ತೆಯ್ಯಂ ಜಾತಿಯನ್ನೇ ಪ್ರಶ್ನೆ ಮಾಡುವ ದೈವ ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಪ್ರಶ್ನೆ ಕೇಳುವವನಿಗೆ ಮರುದಿನ ಚಾ ಎಲ್ಲಿ ಕೊಟ್ಟರು ಅಂತ ಯಾರೂ ಕೇಳುವುದಿಲ್ಲ.

ವಕೀಲರ ಗುಮಾಸ್ತ

ಕಾನೂನಿನ ಕಡೆಯಿಂದ ಸ್ವಲ್ಪ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಹೋಟೆಲು, ಧರ್ಮಶಾಲೆಯ ಪಾತ್ರೆ ಬಳಸದಂತೆ ತಡೆಯುವುದು ಅಪರಾಧ. ದೌರ್ಜನ್ಯ ತಡೆ ಕಾಯ್ದೆ 1989ರದ್ದು, 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಸಾಮಾಜಿಕ ಬಹಿಷ್ಕಾರ ಹಾಕುವುದೂ ಹಾಕುತ್ತೇವೆ ಅಂತ ಬೆದರಿಸುವುದೂ ಸೇರಿತು. ಆದರೆ ಮನೆ ಒಕ್ಕಲಿನ ಪಾನಕಕ್ಕೆ ಯಾವ ಸೆಕ್ಷನ್ನೂ ಬೀಳುವುದಿಲ್ಲ. ಹೋಟೆಲಿನಿಂದ ಹೋದದ್ದು ಅಡುಗೆಮನೆಯಲ್ಲಿ ಕೂತಿದೆ.

ಇನ್ನೊಂದು, ಮಾಷ್ಟ್ರು ವಿಳಾಸದ ಮಾತು ಹೇಳಿದರು. 2024ರ ಜೂನಿನಲ್ಲಿ ಕೇರಳದ ಮಂತ್ರಿ ಕೆ. ರಾಧಾಕೃಷ್ಣನ್ ಸ್ಥಾನ ಬಿಡುವ ಮೊದಲು ಮಾಡಿದ ಆದೇಶದಲ್ಲಿ ಪರಿಶಿಷ್ಟರು ಇರುವ ಜಾಗೆಗಳಿಗೆ ಕಾಲನಿ, ಸಂಕೇತಂ, ಊರು ಅನ್ನುವ ಹೆಸರುಗಳನ್ನು ಬಿಟ್ಟು ನಗರ್, ಉನ್ನತಿ, ಪ್ರಕೃತಿ ಅಂತ ಬಳಸಬೇಕು ಅಂತ ಆಯಿತು. ನಮ್ಮ ಆಫೀಸಿಗೆ ಬರುವ ಕಾಗದದಲ್ಲಿ ಈಗ "ನಗರ್" ಅಂತ ಇರುತ್ತದೆ. ಓದುವವರು ಬಾಯಲ್ಲಿ ಕಾಲನಿ ಅಂತಲೇ ಓದುತ್ತಾರೆ.

ಬುಟ್ಟಿ ಹೆಣೆಯದವಳು

ನಾನು ಮೇಲೆ ಕಾಲನಿ ಅಂತಲೇ ಬರೆದೆನಲ್ಲ! ಬಾಯಿಗೆ ಅಂಟಿಕೊಂಡದ್ದು. ಆದರೂ ಆ ಆದೇಶ ನನಗೆ ಹಿಡಿಸಿದೆ. ಅಡ್ಮಿಶನ್ ಫಾರಂ ತುಂಬುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಅಷ್ಟಾದರೂ ಆಯಿತು.

ಮುಳಿಹುಲ್ಲು

ಮೂರು ದಿನದಿಂದ ಓದುತ್ತಿದ್ದೇನೆ, ಬರೆಯುವುದಾ ಬೇಡವಾ ಅಂತ. ನಾನು ಆಚೆ ಕಡೆಯವಳು. ತೋಟ, ಭಟ್ರ ಮನೆ.

ಅಮ್ಮನ ಮನೆಯಲ್ಲಿ ಹಟ್ಟಿಯ ಮಾಡಿನ ಕೆಳಗೆ, ಪಕ್ಕಾಸಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಸ್ಟೀಲ್ ಲೋಟ ಕವುಚಿ ಇಟ್ಟಿರುತ್ತದೆ. ಒಂದು ತಟ್ಟೆಯೂ ಉಂಟು. ಅಡಿಕೆ ಕೊಯ್ಲಿಗೆ, ಮದ್ದು ಬಿಡಲಿಕ್ಕೆ ಬರುವವರಿಗೆ. ಅವರೇ ತೆಗೆದು, ಕುಡಿದು, ಹಟ್ಟಿ ಹತ್ತಿರದ ನಳ್ಳಿಯಲ್ಲಿ ತೊಳೆದು ಅಲ್ಲೇ ಕವುಚಿ ಹೋಗುತ್ತಾರೆ. ಚಾ ಮೇಲಿಂದ ಹೊಯ್ಯುವುದು, ಲೋಟಕ್ಕೆ ಪಾತ್ರೆ ತಾಗದ ಹಾಗೆ. ಅಮ್ಮನ ಕೈ ಎಷ್ಟು ಪಳಗಿದೆ ಅಂದರೆ ಒಂದು ಹನಿ ಚೆಲ್ಲುವುದಿಲ್ಲ. ಅಮ್ಮ ಒಳ್ಳೆಯವಳು. ಬಂದವರ ಮಗಳ ಮದುವೆಗೆ ಬೆಂಡೋಲೆ ಕೊಟ್ಟಿದ್ದಾಳೆ. ಈ ಎರಡೂ ಒಂದೇ ಕೈ.

ಒಕ್ಕಲಿಗೆ ಬಂದವರಿಗೆ ಹಟ್ಟಿಯ ಲೋಟ ಕೊಡಲಿಕ್ಕೆ ಆಗುವುದಿಲ್ಲ, ಅವರು ಆಫೀಸಿನವರು, ಪ್ಯಾಂಟು ಹಾಕಿದವರು. ಒಳಗಿನ ಲೋಟ ಕೊಡಲಿಕ್ಕೆ ಮನಸ್ಸು ಬರುವುದಿಲ್ಲ. ಆಗ ಪೇಪರ್ ಗ್ಲಾಸು. ನಮ್ಮ ಮನೆಯಲ್ಲೂ ಅಟ್ಟದಲ್ಲಿ ಒಂದು ಕಟ್ಟು ಯಾವಾಗಲೂ ಇರುತ್ತದೆ. ನಿಮ್ಮ ಸಹೋದ್ಯೋಗಿಯ ಮನೆಯದ್ದು ನನಗೆ ಗೊತ್ತಿಲ್ಲ, ನಮ್ಮ ಮನೆಯದ್ದು ಗೊತ್ತುಂಟು. ನಿಮ್ಮ ತಲೆ ಕೆಟ್ಟಿಲ್ಲ ಅಣ್ಣಾ, ಇಷ್ಟೇ ಹೇಳಲಿಕ್ಕೆ ಬಂದೆ.

ಅಡಿಕೆ ಸಿಪ್ಪೆ

ನಮ್ಮಲ್ಲೂ ಆ ಲೋಟ ಇತ್ತು. ಈಗ ಉಂಟಾ ನೋಡಬೇಕು.

ಹಳೇ ಮಾಷ್ಟ್ರು

ನೋಡಿ ಬಂದು ಇಲ್ಲಿ ಬರೆಯಿರಿ.

ನೇಮದ ಮರುದಿನ

ನನಗೊಂದು ತಕರಾರು ಉಂಟು, ಕೌನ್ಸೆಲರ್ ಅಕ್ಕಾ. ಲೋಟ ಬದಲು ಮಾಡಿದವ ಒಂಬತ್ತಕ್ಕೆ ಹೊದ್ದು ಮಲಗುತ್ತಾನೆ. ಇವರು ಮಾತ್ರ ಡಾಕ್ಟರ ಹತ್ತಿರ ಹೋಗಿ ಚೀಟಿ ಮಾಡಿಸಬೇಕಾ? ರೋಗ ಯಾರದ್ದು, ಮದ್ದು ಯಾರಿಗೆ? ಹೀಗೇ ಮಾಡಿ ಮಾಡಿ ನಾಳೆ "ಇವರದ್ದು ಮಾನಸಿಕ" ಅಂತ ಕೈ ತೊಳೆದುಬಿಡುತ್ತಾರೆ.

ಮಕ್ಕಳ ಜೊತೆ ಕೆಲಸ

ನಿಮ್ಮ ತಕರಾರು ಪೂರ್ತಿ ಸರಿ, ಅದನ್ನು ಬಿಡಬೇಡಿ. ನಮ್ಮ ಕೆಲಸದಲ್ಲಿ ಆಗುವ ದೊಡ್ಡ ತಪ್ಪೇ ಅದು. ಮಗು ಕ್ಲಾಸಿನಲ್ಲಿ ಒಂಟಿಯಾಗಿ ಕೂತರೆ ಮಗುವನ್ನು ಕರೆದು ಮಾತಾಡಿಸುತ್ತೇವೆ, ಪಕ್ಕದಲ್ಲಿ ಕೂರದವರನ್ನು ಕರೆಯುವುದಿಲ್ಲ. ನಾನೂ ಮಾಡಿದ್ದೇನೆ.

ಆದರೆ ಕಾದ ಎಣ್ಣೆ ಬೇರೆಯವರು ಚೆಲ್ಲಿದರೂ ಬೊಕ್ಕೆ ಎದ್ದದ್ದು ಇವರ ಕೈಯಲ್ಲಿ. ಕೇಸು ಮುಗಿಯುವವರೆಗೆ ಅದಕ್ಕೆ ಮದ್ದು ಹಚ್ಚಬಾರದಾ? 23 ದಿನ ಎರಡು ಗಂಟೆಗೆ ಎಚ್ಚರ ಅಂದರೆ ಅದು ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ಹೋಗುವುದಲ್ಲ. ನಮ್ಮಲ್ಲಿ ಮನಸ್ಸಿನ ನೋವು ಹೆಚ್ಚಾಗಿ ಹೊಟ್ಟೆ, ಎದೆ, ತಲೆ, ಸೊಂಟದ ಹೆಸರಿನಲ್ಲೇ ಡಾಕ್ಟರ ಹತ್ತಿರ ಹೋಗುವುದು. ಹೋದಾಗ ನಿದ್ದೆಯ ಮಾತನ್ನೂ ಹೇಳಿ. ಲೋಟದ ಕಥೆಯನ್ನೂ ಹೇಳಿ. ರಾತ್ರಿ ಹೊತ್ತು ತೀರಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್ ಅಂತ, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುವವರೂ ಸಿಗುತ್ತಾರೆ. ಇಲ್ಲಿ ಓದುತ್ತಾ ಬರೆಯದೆ ಕೂತವರಿಗೂ ಹೇಳುತ್ತಿದ್ದೇನೆ.

ಕುಂಬಳೆ ಪಡ್ಡಾಯಿ

ನಾನು ಕೇರಳ ಅಂತ ದೊಡ್ಡ ಮಾತು ಹೇಳಿದ್ದೆ. ಹತ್ತು ಸೆಂಟ್ಸಿನ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ ಕಳೆದ ಐವತ್ತು ವರ್ಷದಲ್ಲಿ ಬಹಳ ಬದಲಾಗಿದೆ ಅನ್ನುವುದನ್ನು ನಾನು ಬಿಡುವುದಿಲ್ಲ.

ಬುಟ್ಟಿ ಹೆಣೆಯದವಳು

ಬಿಡಬೇಡಿ. ಗೆರಟೆ ಹೋಗಿ ಗ್ಲಾಸು ಬಂದಿದೆ.

ನಿದ್ದೆ ಬಾರದವ

ಎಂಟು ದಿನ ಆಯಿತು ನಾನು ಬರೆಯದೆ. ಕೇಳಿಬಿಟ್ಟೆ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ನಗುತ್ತಲೇ, "ಒಕ್ಕಲಿನ ದಿನ ಲೋಟ ಮುಗಿದಿತ್ತಾ?" ಅಂದೆ. ಅವರು "ಯಾವ ಲೋಟ?" ಅಂದರು. ಅವರಿಗೆ ನಿಜವಾಗಿ ನೆನಪಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು. ನಾನು ತಟ್ಟೆ, ಪಾನಕ, ಆಮೇಲೆ ಬಂದ ಇಬ್ಬರು, ಎಲ್ಲ ಹೇಳಿದೆ. ಉಪ್ಪಿನಕಾಯಿ ಹಾಕುತ್ತಿದ್ದ ಚಮಚ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು "ಮಾವ ಹಳೇ ಕಾಲದವರು" ಅಂದರು. ಹಳೇ ಕಾಲದವರು ಅಂದರೆ ಎಂತ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ದಿನ ಇಬ್ಬರೂ ಬುತ್ತಿ ಪೂರ್ತಿ ತಿನ್ನಲಿಲ್ಲ. ಮರುದಿನದಿಂದ ಅವರು ಬೇರೆ ಮೇಜಿನಲ್ಲಿ ಕೂರುತ್ತಾರೆ ಅಂತ ಎಣಿಸಿದ್ದೆ. ಕೂರಲಿಲ್ಲ. ಆದರೆ ಮೊದಲಿನ ಹಾಗೆ ಮಾತಿಲ್ಲ, ಹವಾಮಾನದ ಮಾತು ಜಾಸ್ತಿ ಆಗಿದೆ.

ವಿಚಿತ್ರ ಎಂತದ್ದು ಅಂದರೆ, ಆ ರಾತ್ರಿ ನನಗೆ ಭಯಂಕರ ಸಿಟ್ಟು ಬಂತು, ಹೆಂಡತಿ ಹತ್ತಿರ ಕೂಗಾಡಿದೆ, ಆಮೇಲೆ ಬೆಳಿಗ್ಗೆ ಐದೂವರೆವರೆಗೆ ಒಂದೇ ನಿದ್ದೆ. ಎದೆ ಉರಿ ಮಾತ್ರ ಹೋಗಲಿಲ್ಲ.

ಮುಳಿಹುಲ್ಲು ಅಕ್ಕಾ, ನಿಮ್ಮ ಹಟ್ಟಿಯ ಲೋಟ ಎಂತ ಆಯಿತು?

ಮುಳಿಹುಲ್ಲು

ಮೊನ್ನೆ ಹೋದವಳು ತೆಗೆದು ಒಳಗೆ ತಂದು ಬೇರೆ ಲೋಟಗಳ ಜೊತೆ ತೊಳೆದಿಟ್ಟೆ. ಅಮ್ಮ ಏನೂ ಹೇಳಲಿಲ್ಲ. ಸಂಜೆ ನೋಡುವಾಗ ಆ ಶೆಲ್ಫಿನ ಎಲ್ಲ ಲೋಟಗಳನ್ನೂ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಯಾವುದು ಯಾವುದು ಅಂತ ಅವಳಿಗೀಗ ಗೊತ್ತಾಗುವುದಿಲ್ಲ. ನನಗೂ ಇಲ್ಲ.

ಅಡಿಕೆ ಸಿಪ್ಪೆ

ನಮ್ಮ ಮನೆಯದ್ದು ಉಂಟು. ಹಟ್ಟಿಯಲ್ಲಿ ಅಲ್ಲ, ಪಂಪ್ ಶೆಡ್ಡಿನಲ್ಲಿ.

ನಿದ್ದೆ ಬಾರದವ

ಕೌನ್ಸೆಲರ್ ಅಕ್ಕಾ, ಸೋಮವಾರ ರಜೆ ಹಾಕಿದ್ದೇನೆ. ಜನರಲ್ ಆಸ್ಪತ್ರೆಯಲ್ಲಿ ಚೀಟಿಗೆ ಎಷ್ಟು ಗಂಟೆಗೆ ಹೋಗಬೇಕು?

ಮಕ್ಕಳ ಜೊತೆ ಕೆಲಸ

ಏಳೂವರೆಗೆ ಸಾಲಿನಲ್ಲಿ ನಿಲ್ಲಿ, ಎಂಟರ ಮೇಲೆ ಹೋದರೆ ಮಧ್ಯಾಹ್ನ ಆಗುತ್ತದೆ. ಬದಿಯಡ್ಕದಿಂದ ಮೊದಲ ಬಸ್ಸಿಗೆ ಬನ್ನಿ.